ಅಲ್ತಮೀರಾದ ಚಾವಣಿಯ ಕೆಳಗೆ

ಉತ್ತರ ಸ್ಪೇನಿನ ಕಾಂತಾಬ್ರಿಯಾ ಪ್ರಾಂತದಲ್ಲಿ, ಸಾಂತಿಯಾನಾ ದೆಲ್ ಮಾರ್ ಎಂಬ ಹಳೆಯ ಊರಿನಿಂದ ಸುಮಾರು ಎರಡು ಕಿಲೋಮೀಟರ್ ದೂರದ ಹಸಿರು ದಿಬ್ಬದ ಮೇಲೆ ಅಲ್ತಮೀರಾ ವಸ್ತುಸಂಗ್ರಹಾಲಯವಿದೆ. ಜಗತ್ತಿನ ಅತ್ಯಂತ ಪ್ರಸಿದ್ಧ ಗುಹಾಚಿತ್ರಗಳಲ್ಲಿ ಕೆಲವು ಅದರ ಸಮೀಪದಲ್ಲೇ ನೆಲದಡಿಯಲ್ಲಿವೆ. ಆದರೆ ಅಲ್ಲಿಗೆ ಹೋದ ನಮಗೆ ಕಾಣಸಿಗುವುದು ಅವುಗಳಲ್ಲ, 2001ರಲ್ಲಿ ತೆರೆದ ಪ್ರತಿಕೃತಿ ಗುಹೆ. ಅಷ್ಟು ದೂರ ಪ್ರಯಾಣಿಸಿ ನಕಲನ್ನು ನೋಡಿ ಬರುವುದೇ ಎಂದು ಹಲವರು ಕೇಳುತ್ತಾರೆ. ಪ್ರಾಗೈತಿಹಾಸಿಕ ಚಿತ್ರಕಲೆಯಲ್ಲಿ ಆಸಕ್ತಿಯಿರುವ ಯಾರಿಗೇ ಆಗಲಿ, ನೋಡಲೇಬೇಕು ಎಂದೇ ನಾನು ಹೇಳುತ್ತೇನೆ.

ಮೂಲ ಗುಹೆಯನ್ನು ಮುಚ್ಚಿದ್ದಕ್ಕೆ ಕಾರಣ ಅದರ ಕೀರ್ತಿಯೇ. 1973ರ ಒಂದೇ ವರ್ಷದಲ್ಲಿ 1,70,000ಕ್ಕೂ ಹೆಚ್ಚು ಜನ ಅದರೊಳಗೆ ಹೋಗಿ ಬಂದಿದ್ದರು. ಮನುಷ್ಯರ ಮೈಶಾಖ, ಉಸಿರಿನ ತೇವ ಮತ್ತು ಇಂಗಾಲದ ಡೈಆಕ್ಸೈಡ್, ಜೊತೆಗೆ ದೀಪಗಳ ಬೆಳಕು, ಇವೆಲ್ಲ ಸೇರಿ, ಸಾವಿರಾರು ವರ್ಷ ಒಂದೇ ಸ್ಥಿತಿಯಲ್ಲಿದ್ದ ಗಾಳಿಯನ್ನು ಕದಡಿ ಚಿತ್ರಗಳಿಗೆ ಹಾನಿ ತರತೊಡಗಿದವು. 1977ರಲ್ಲಿ ಗುಹೆಯನ್ನು ಮುಚ್ಚಿ, 1982ರಲ್ಲಿ ಕೆಲವೇ ಜನರಿಗೆ ತೆರೆದು, 2002ರಲ್ಲಿ ಮತ್ತೆ ಮುಚ್ಚಲಾಯಿತು; 2014ರಲ್ಲಿ ವಾರಕ್ಕೆ ಐವರನ್ನು ಮಾತ್ರ ಚೀಟಿ ಎತ್ತಿ ಒಳಗೆ ಬಿಡುವ ಪ್ರಯೋಗ ಶುರುವಾಯಿತು. ಈ ಲೆಕ್ಕವನ್ನು ಓದಿದಾಗ, ಆ ಐವರಲ್ಲಿ ಒಬ್ಬನಾಗಬೇಕೆಂಬ ಆಸೆಗಿಂತ, ಉಳಿದವರಿಗಾಗಿ ಇಷ್ಟು ಶ್ರದ್ಧೆಯಿಂದ ಇನ್ನೊಂದು ಗುಹೆಯನ್ನು ಕಟ್ಟಿದರಲ್ಲ ಎಂಬ ಕೃತಜ್ಞತೆಯೇ ನನ್ನಲ್ಲಿ ಹೆಚ್ಚಾಗಿ ಮೂಡಿತು.

ಪ್ರತಿಕೃತಿಯೊಳಗೆ ಹೋಗುವಾಗ ಮೊದಲು ಎದುರಾಗುವುದು ಗುಹೆಯ ಅಗಲವಾದ ಬಾಯಿ. ಸುಮಾರು 13,000 ವರ್ಷಗಳ ಹಿಂದೆ ಮುಂಭಾಗದ ಬಂಡೆಗಳು ಕುಸಿದು ಮೂಲ ಗುಹೆಯ ಬಾಯಿ ಮುಚ್ಚಿಹೋಯಿತು; ಹಾಗಾಗಿಯೇ ಒಳಗಿನ ಬಣ್ಣಗಳು ಉಳಿದವು. ಇಲ್ಲಿ ಆ ಕುಸಿತಕ್ಕೆ ಮುಂಚಿನ ರೂಪವನ್ನು ಕಟ್ಟಿರುವುದರಿಂದ, ಜನರು ಹಗಲಿನ ಬೆಳಕು ಬೀಳುವ ಜಾಗದಲ್ಲಿ ಒಲೆ ಹೂಡಿ ಬದುಕುತ್ತಿದ್ದರು, ಚಿತ್ರಗಳನ್ನು ಮಾತ್ರ ಅದರಾಚೆಯ ಕತ್ತಲಲ್ಲಿ ಬಿಡಿಸಿದರು ಎಂಬುದು ನಡೆದು ಹೋಗುವಾಗಲೇ ಅರ್ಥವಾಗುತ್ತದೆ. ಇಂದು ಮೂಲ ಗುಹೆಯನ್ನು ಹೊಕ್ಕವರಿಗೂ ಈ ತಿಳಿವಳಿಕೆ ಇಷ್ಟು ಸುಲಭವಾಗಿ ಸಿಗಲಾರದು.

ಆಮೇಲೆ ಆ ಚಾವಣಿ. ಛಾಯಾಚಿತ್ರಗಳಲ್ಲಿ ಅದನ್ನು ಎಷ್ಟೋ ಬಾರಿ ನೋಡಿದ್ದೆ. ಆದರೆ ಛಾಯಾಚಿತ್ರ ಬಂಡೆಯನ್ನು ಚಪ್ಪಟೆಯಾಗಿಸುತ್ತದೆ. ನಿಜದಲ್ಲಿ ಆ ಸುಣ್ಣಕಲ್ಲು ಅಲ್ಲಲ್ಲಿ ದೊಡ್ಡ ಉಬ್ಬುಗಳಾಗಿ ಕೆಳಕ್ಕೆ ಇಳಿದಿದೆ, ಬಿರುಕು ಬಿಟ್ಟಿದೆ. ಚಿತ್ರಕಾರ ಆ ಉಬ್ಬುಗಳಲ್ಲೇ ಬೈಸನ್ ಎಂಬ ದಪ್ಪ ಹೆಗಲಿನ ಕಾಡುದನಗಳನ್ನು ಕಂಡಿದ್ದಾನೆ, ಅಥವಾ ಕಂಡಿದ್ದಾಳೆ. ಒಂದು ಉಬ್ಬು ಪ್ರಾಣಿಯ ಹೆಗಲಾಗಿದೆ, ಒಂದು ಬಿರುಕು ಬೆನ್ನಿನ ಗೆರೆಯಾಗಿದೆ. ಕಾಲುಗಳನ್ನು ಹೊಟ್ಟೆಯಡಿಗೆ ಮಡಚಿ, ತಲೆಯನ್ನು ಒಳಕ್ಕೆ ಎಳೆದುಕೊಂಡು, ಇಡೀ ಮೈ ಒಂದೇ ಉಬ್ಬಿನೊಳಗೆ ಹಿಡಿಸುವಂತೆ ಮುದುಡಿರುವ ಬೈಸನ್ ಒಂದಿದೆ. ಹಟ್ಟಿಯಲ್ಲಿ ಮಲಗಿದ ದನದಷ್ಟೇ ಭಾರ ಮತ್ತು ನೆಮ್ಮದಿ ಅದರ ಮೈಯಲ್ಲಿದೆ. ಅದರ ಕೆಳಗೆ ನಾನು ಬಹಳ ಹೊತ್ತು ನಿಂತೆ. ಚಾವಣಿಯ ಇನ್ನೊಂದು ಕಡೆ ಎರಡು ಮೀಟರಿಗೂ ಉದ್ದವಾದ ಹೆಣ್ಣು ಜಿಂಕೆಯಿದೆ.

ಈ ಚಾವಣಿಯನ್ನು ಮತ್ತೆ ಬರೆದವರು ಪೆದ್ರೋ ಸೌರಾ ಮತ್ತು ಮತಿಲ್ದೆ ಮೂಸ್ಕಿಸ್ ಎಂಬ ಇಬ್ಬರು ಕಲಾವಿದರು, ಮದ್ರಿದ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು. ಮೂಲ ಬಂಡೆಯ ಮೇಲ್ಮೈಯನ್ನು ಅತಿ ಸೂಕ್ಷ್ಮವಾಗಿ ಅಳೆದು ತಯಾರಿಸಿದ ಚಾವಣಿಯ ಮೇಲೆ ಅವರು ಅಚ್ಚು ಒತ್ತಲಿಲ್ಲ. ಹಳೆಯ ಚಿತ್ರಕಾರರು ಬಳಸಿದಂಥ ಕೆಮ್ಮಣ್ಣು ಮತ್ತು ಇದ್ದಿಲನ್ನೇ ಹಿಡಿದು ಕೈಯಿಂದ ಬರೆದರು. ಮೊದಲು ಚೂಪು ಕಲ್ಲಿನಿಂದ ಹೊರಗೆರೆ ಕೊರೆಯುವುದು, ಇದ್ದಿಲಿನಿಂದ ಅದನ್ನು ಕಪ್ಪಾಗಿ ತಿದ್ದುವುದು, ಬಳಿಕ ನೀರಲ್ಲಿ ಕಲಸಿದ ಕೆಂಪನ್ನು ಮೈಗೆ ತುಂಬುವುದು ಎಂಬ ಕ್ರಮ ಅವರಿಗೆ ಹೀಗೆ ಕೈಗೂಡಿತು. ಬಹುವರ್ಣದ ಆ ಬೈಸನ್‌ಗಳೆಲ್ಲ ಒಬ್ಬರದೇ ಕೈಕೆಲಸವಾಗಿರಬೇಕು ಎಂಬ ಅಭಿಪ್ರಾಯಕ್ಕೂ ಅವರು ಬಂದರು. ಮೂಲದ ಕೆಳಗೆ ನಿಂತು ನೋಡುವವರಿಗಿಂತ, ಗೆರೆಗೆ ಗೆರೆ ಕೂಡಿಸುತ್ತ ಬರೆದವರ ಈ ಮಾತಿಗೆ ಹೆಚ್ಚು ತೂಕವಿದೆ ಎಂದು ನನಗನ್ನಿಸುತ್ತದೆ. ಮೂಲ ಗುಹೆಯ ಚಾವಣಿ ಬಹಳ ತಗ್ಗಾಗಿತ್ತು, ಪ್ರವಾಸಿಗರು ನಿಂತು ನೋಡಲೆಂದು ನೆಲವನ್ನು ಅಗೆದದ್ದು 20ನೇ ಶತಮಾನದಲ್ಲಿ. ಅಂದರೆ ಚಿತ್ರಕಾರ ಕುಕ್ಕರಗಾಲಿನಲ್ಲಿ ಕೂತೋ ಅಂಗಾತ ಮಲಗಿಯೋ, ಮಿಣುಕು ದೀಪದ ಬೆಳಕಿನಲ್ಲಿ, ಇಡೀ ಚಾವಣಿಯನ್ನು ಒಮ್ಮೆಯೂ ಒಟ್ಟಾಗಿ ನೋಡಲಾಗದೆ ಇದನ್ನೆಲ್ಲ ಬರೆದಿರಬೇಕು.

ಸಂಗ್ರಹಾಲಯದಲ್ಲಿ ನನ್ನ ಮನಸ್ಸನ್ನು ಕಲಕಿದ್ದು, ಆ ಸೀಮೆಯ ಜಮೀನುದಾರರಾಗಿದ್ದ ಮಾರ್ಸೆಲೀನೋ ಸಾಂಜ್ ದೆ ಸೌತುವೊಲಾ ಅವರ ಕಥೆ. 1879ರಲ್ಲಿ ಅವರು ಗುಹೆಯ ನೆಲದಲ್ಲಿ ಕಲ್ಲಿನ ಆಯುಧ ಮತ್ತು ಮೂಳೆಗಳನ್ನು ಹುಡುಕುತ್ತಿದ್ದಾಗ, ತಲೆಯೆತ್ತಿ ನೋಡಿ ಚಾವಣಿಯ ಪ್ರಾಣಿಗಳನ್ನು ಮೊದಲು ಕಂಡವಳು ಜೊತೆಗಿದ್ದ ಅವರ ಪುಟ್ಟ ಮಗಳು ಮರೀಯಾ. ಮರುವರ್ಷ ಅವರು ಒಂದು ಚಿಕ್ಕ ಪುಸ್ತಕ ಪ್ರಕಟಿಸಿ, ಇವು ಹಳೆ ಶಿಲಾಯುಗದವು ಎಂದು ಸಂಯಮದಿಂದಲೇ ವಾದಿಸಿದರು. ಪ್ರಾಧ್ಯಾಪಕ ಹ್ವಾನ್ ವಿಲನೋವಾ ಸೌತುವೊಲಾ ಅವರ ಬೆಂಬಲಕ್ಕೆ ನಿಂತರು. ಆದರೆ ಫ್ರಾನ್ಸಿನ ಎಮಿಲ್ ಕಾರ್ತೈಯಾಕ್ ಮುಂತಾದ ವಿದ್ವಾಂಸರು ನಂಬಲಿಲ್ಲ. ಶಿಲಾಯುಗದ ಮನುಷ್ಯನಿಗೆ ಇಷ್ಟು ಪಳಗಿದ ಕೈ ಇರಲಾರದೆಂಬ ಪೂರ್ವಗ್ರಹ ಎಷ್ಟು ಬಲವಾಗಿತ್ತೆಂದರೆ, ಈಚಿನವರು ಯಾರೋ ಬರೆದ ಮೋಸದ ಚಿತ್ರಗಳಿವು ಎಂಬ ಆರೋಪವನ್ನೂ ಸೌತುವೊಲಾ ಹೊರಬೇಕಾಯಿತು. ಅವರು 1888ರಲ್ಲಿ ತೀರಿಕೊಂಡರು. ಮುಂದೆ ಫ್ರಾನ್ಸಿನ ಗುಹೆಗಳಲ್ಲೇ ಇಂಥ ಚಿತ್ರಗಳು ಒಂದೊಂದಾಗಿ ಸಿಕ್ಕ ಮೇಲೆ, 1902ರಲ್ಲಿ ಕಾರ್ತೈಯಾಕ್ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿ ಲೇಖನ ಬರೆದರು. ಅದನ್ನು ಓದಲು ಸೌತುವೊಲಾ ಇರಲಿಲ್ಲ, ವಿಲನೋವಾ ಅವರೂ ಇರಲಿಲ್ಲ. ಆ ತಪ್ಪೊಪ್ಪಿಗೆಯ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ, ಆದರೂ ತಡವಾದ ಆ 14 ವರ್ಷಗಳ ಬಗೆಗಿನ ಸಂಕಟ ನನ್ನನ್ನು ಬಿಟ್ಟಿಲ್ಲ.

ನಮ್ಮ ದೇಶದ ಒಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಅಲ್ತಮೀರಾಕ್ಕಿಂತ ಹತ್ತು ವರ್ಷಕ್ಕೂ ಮೊದಲೇ, 1867-68ರಲ್ಲಿ, ಬ್ರಿಟಿಷ್ ಪುರಾತತ್ತ್ವಜ್ಞ ಆರ್ಚಿಬಾಲ್ಡ್ ಕಾರ್ಲೈಲ್ ಇಂದಿನ ಉತ್ತರಪ್ರದೇಶದ ಮಿರ್ಜಾಪುರದ ಬೆಟ್ಟಗಳಲ್ಲಿ ಶಿಲಾಚಿತ್ರಗಳನ್ನು ಕಂಡು ಅವು ಬಹು ಪ್ರಾಚೀನವೆಂದು ಗುರುತಿಸಿದ್ದರು. ಅವರು ತಮ್ಮ ಶೋಧವನ್ನು ವಿಸ್ತಾರವಾಗಿ ಪ್ರಕಟಿಸಲಿಲ್ಲ. ಹಾಗಾಗಿ ಆ ದೊಡ್ಡ ವಾಗ್ವಾದದಲ್ಲಿ ಭಾರತದ ಸಾಕ್ಷ್ಯ ಸೌತುವೊಲಾ ಅವರ ನೆರವಿಗೆ ಬರಲೇ ಇಲ್ಲ.

ಹಾಗೆಯೇ ನನಗೆ ಬಳ್ಳಾರಿ ಸಮೀಪದ ಕಪ್ಪಗಲ್ಲಿನ ಹಿರೇಗುಡ್ಡದ ಚಿಂತೆ. ಅಲ್ಲಿನ ಕರಿಗಲ್ಲುಗಳ ಮೇಲೆ ನವಶಿಲಾಯುಗದ ಪಶುಪಾಲಕರು ಕುಟ್ಟಿ ಮೂಡಿಸಿದ ಉದ್ದ ಕೊಂಬಿನ, ಹಿಣಿಲಿನ ದನಗಳ ಸಾಲುಗಳಿವೆ. ಕಲ್ಲಿನಿಂದ ಬಡಿದರೆ ಗಂಟೆಯ ನಾದ ಹೊಮ್ಮುವ ಬಂಡೆಗಳೂ ಇವೆ. ಅಲ್ತಮೀರಾಕ್ಕಿಂತ ಇವು ಬಹಳ ಈಚಿನವು, ಕಲೆಯ ಬಗೆಯೂ ಬೇರೆ. ಆದರೆ 1892ರಷ್ಟು ಹಿಂದೆಯೇ ವಿದ್ವಾಂಸರ ಬರಹದಲ್ಲಿ ಕಾಣಿಸಿಕೊಂಡ ಈ ಗುಡ್ಡಕ್ಕೆ ನಮ್ಮ ಕಾಲದಲ್ಲಿ ಕಲ್ಲುಗಣಿಗಾರಿಕೆಯ ಅಪಾಯ ಎದುರಾಯಿತು. ಬಳ್ಳಾರಿಯಲ್ಲಿ, ಭಾರತದ ಶಿಲಾಯುಗದ ಅಧ್ಯಯನಕ್ಕೆ ಬುನಾದಿ ಹಾಕಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ಸಂಗನಕಲ್ಲು ಪುರಾತತ್ತ್ವ ಸಂಗ್ರಹಾಲಯ ಆಗಿರುವುದು ಸಂತೋಷದ ವಿಷಯ. ಅಲ್ತಮೀರಾದಲ್ಲಿ ಮೂಲ ಬಂಡೆಯನ್ನು ಅಳೆದಷ್ಟೇ ಸೂಕ್ಷ್ಮವಾಗಿ ಹಿರೇಗುಡ್ಡದ ಪ್ರತಿಯೊಂದು ಚಿತ್ರಬಂಡೆಯನ್ನೂ ಅಳೆದು ದಾಖಲಿಸಿ, ಅವುಗಳಲ್ಲಿ ಕೆಲವನ್ನಾದರೂ ನಮ್ಮ ಕಲಾವಿದರ ಕೈಯಿಂದಲೇ ಪ್ರತಿ ಮಾಡಿಸಿ ಈ ಸಂಗ್ರಹಾಲಯದಲ್ಲಿ ಇಡಬೇಕು ಎಂಬುದು ನನ್ನ ಬಲವಾದ ಅಪೇಕ್ಷೆ. ಬಳ್ಳಾರಿಗೆ ಹೋಗುವವರು ಆ ಸಂಗ್ರಹಾಲಯವನ್ನು ಮೊದಲು ನೋಡಿ, ಆಮೇಲೆ ತಿಳಿದವರೊಬ್ಬರ ಜೊತೆಯಲ್ಲಿ ಗುಡ್ಡ ಹತ್ತುವುದು ಒಳ್ಳೆಯದು.