ಹೈಡಿಯ ಕಪಾಟಿನ ಬ್ರೆಡ್ಡು

ನವನಗರ, ಬಾಗಲಕೋಟೆ
ಶನಿವಾರ, 23 ಆಗಸ್ಟ್ 2025

ಶನಿವಾರ, ಬೆಳಗಿನ ಶಾಲೆ. ಊಟ ಮುಗಿಸಿ ಈಗ ಬರೆಯಲು ಕೂತಿದ್ದೇನೆ. ಏಳನೇ ತರಗತಿಯ ಓದಿನ ಪಿರಿಯಡ್‌ನಲ್ಲಿ ಸದ್ಯ ‘ಹೈಡಿ’ ನಡೆದಿದೆ. ಯೊಹಾನ್ನಾ ಸ್ಪಿರಿ ಅನ್ನೋ ಸ್ವಿಸ್ ಲೇಖಕಿ 1880ರ ಹೊತ್ತಿಗೆ ಬರೆದ ಕಾದಂಬರಿ. ಇಂಗ್ಲಿಷ್ ಪುಸ್ತಕ ಮುಂದಿಟ್ಟುಕೊಂಡು ನಾನೇ ಅಲ್ಲಲ್ಲೇ ಕನ್ನಡ ಮಾಡಿ ಹೇಳುತ್ತೇನೆ. ಇವತ್ತು ಫ್ರಾಂಕ್‌ಫರ್ಟಿನ ಭಾಗ.

ಬೆಟ್ಟದ ಮೇಲೆ ಅಜ್ಜನ ಜೊತೆ ಆಡಿಕೊಂಡಿದ್ದ ಹುಡುಗಿಯನ್ನು ಪುಸಲಾಯಿಸಿ ಪಟ್ಟಣದ ಸಾಹುಕಾರರ ಮನೆಗೆ ತಂದು ಬಿಟ್ಟಿದ್ದಾರೆ. ಅಲ್ಲಿ ಊಟಕ್ಕೆ ಮೆತ್ತನೆಯ ಬಿಳಿ ಬ್ರೆಡ್ಡು. ಆಕೆ ಅದನ್ನು ತಿನ್ನದೆ ಬಟ್ಟೆಯ ಕಪಾಟಿನಲ್ಲಿ ಕೂಡಿಡುತ್ತಾಳೆ. ಊರಲ್ಲಿ ಮೇಕೆ ಕಾಯುವ ಹುಡುಗ ಪೀಟರ್‌ನ ಕುರುಡಿ ಅಜ್ಜಿಗೆ ಗಟ್ಟಿ ಕಪ್ಪು ಬ್ರೆಡ್ಡು ಅಗಿಯಲು ಆಗೋದಿಲ್ಲ, ಆಕೆಗೆ ಒಯ್ಯಬೇಕು ಅಂತ. ಮನೆ ನೋಡಿಕೊಳ್ಳುವ ಹೆಂಗಸಿನ ಕಣ್ಣಿಗೆ ಒಂದು ದಿನ ಈ ರಾಶಿ ಬೀಳುತ್ತದೆ. ಒಣಗಿದ ಬ್ರೆಡ್ಡನ್ನೆಲ್ಲ ಎಸೆಯಲು ಹೇಳುತ್ತಾಳೆ. ಹೈಡಿ ಬಿಕ್ಕಿ ಬಿಕ್ಕಿ ಅಳುತ್ತಾಳೆ.

ತರಗತಿ ಗಪ್ಪಾಯಿತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದ.

“ಅಕ್ಕೋರ, ಆ ಅಜ್ಜಿ ಅದನ್ನ ಅದ್ದಿ ತಿನ್ನಂಗಿಲ್ಲೇನ್ರಿ? ನಮ್ಮ ಅಜ್ಜಿ ಕಟಕ ರೊಟ್ಟಿ ಮುರದು ಸಾರಿನ್ಯಾಗ ನೆನಿ ಹಾಕ್ತಾಳ್ರಿ.”

ಮತ್ತೊಬ್ಬಳು, “ಕಪಾಟಿನ್ಯಾಗ ಇರಿವಿ ಹತ್ತಲಿಲ್ಲೇನ್ರಿ?”

ಉಳಿದ ಪಿರಿಯಡ್ಡೆಲ್ಲ ಇದೇ ಚರ್ಚೆ. ಆಕೆ ಕಟಕ ರೊಟ್ಟಿ ಕೂಡಿಟ್ಟಿದ್ದರೆ ತಿಂಗಳಾದರೂ ಕೆಡುತ್ತಿರಲಿಲ್ಲ, ಎಸೆಯಲು ಆ ಹೆಂಗಸಿಗೆ ನೆಪವೇ ಸಿಗುತ್ತಿರಲಿಲ್ಲ ಅಂತ ಕೊನೆಗೆ ತೀರ್ಮಾನವಾಯಿತು. ಹಾಗಾದರೆ ಅಜ್ಜಿ ಅಗಿಯೋದು ಹೇಗೆ ಅಂತ ಯಾರೂ ಕೇಳಲಿಲ್ಲ!

ನನಗೆ ತಲೆಯಲ್ಲಿ ಉಳಿದದ್ದು ಬೇರೆ. ಹೈಡಿಯ ಅಪ್ಪ ತೊಲೆ ಮೈಮೇಲೆ ಬಿದ್ದು ಸತ್ತ, ಅದೇ ಕೊರಗಿನಲ್ಲಿ ಅವ್ವನೂ ಹೋದಳು. ಅದನ್ನು ಓದಿದ ದಿನ ಇದೇ ಮಕ್ಕಳು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅವತ್ತು ಅವರ ಮನಸ್ಸಿಗೆ ಹಿಡಿದದ್ದು ಹೈಡಿಯ ಬಟ್ಟೆ. ಬೇಸಿಗೆಯ ಬಿಸಿಲಲ್ಲಿ ಚಿಗವ್ವ ಆಕೆಗೆ ಒಂದರ ಮೇಲೊಂದು ಅಂಗಿ ಹಾಕಿ, ಮೇಲೆ ಶಾಲು ಹೊದಿಸಿ ಬೆಟ್ಟ ಹತ್ತಿಸುತ್ತಾಳೆ. ಗಂಟು ಹೊರುವ ಕಷ್ಟ ತಪ್ಪಲಿ ಅಂತ. ಹೈಡಿ ದಾರಿಯಲ್ಲೇ ಎಲ್ಲ ಬಿಚ್ಚಿ ಮಡಚಿಟ್ಟು ಮೇಕೆಗಳ ಹಿಂದೆ ಓಡುತ್ತಾಳೆ. ಚಿಗವ್ವ ಮಾತ್ರ ಗೆಳತಿಯ ಜೊತೆ ಇವಳದೇ ಹಣೆಬರಹ ಮಾತಾಡುತ್ತಾ ಹಿಂದೆ ಬರುತ್ತಿರುತ್ತಾಳೆ.

ಒಳ್ಳೆಯ ಮಕ್ಕಳ ಕತೆಗಳು ಬಹಳಷ್ಟು ಹೀಗೇ ಅಲ್ವಾ? ಬದುಕನ್ನೇ ತಿರುಗಿಸುವ ಸಂಗತಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಅದು ದೊಡ್ಡವರ ಲೆಕ್ಕ. ಮಗುವಿನ ಲೆಕ್ಕ ಮರುದಿನದಿಂದ ಶುರು: ಎಲ್ಲಿ ಮಲಗೋದು, ಯಾರ ಪಕ್ಕ ಕೂರೋದು, ಯಾರು ತಲೆ ಬಾಚೋದು. 1911ರ ‘ದಿ ಸೀಕ್ರೆಟ್ ಗಾರ್ಡನ್’ನಲ್ಲಿ ಮೇರಿಯ ಅಪ್ಪ ಅಮ್ಮ ಇಬ್ಬರೂ ಇಲ್ಲೇ ಹಿಂದುಸ್ತಾನದಲ್ಲಿ ಕಾಲರಾಕ್ಕೆ ಬಲಿಯಾಗುತ್ತಾರೆ. ಆಳುಕಾಳು ಓಡಿಹೋಗುತ್ತಾರೆ. ಮಗು ಒಳಗಿದೆ ಅನ್ನೋದನ್ನೇ ಎಲ್ಲರೂ ಮರೆತಿರುತ್ತಾರೆ. ಎಲ್ಲ ಒಂದೇ ಅಧ್ಯಾಯದಲ್ಲಿ. ಆ ಹುಡುಗಿ ಇಂಗ್ಲೆಂಡಿನ ದೊಡ್ಡ ಬಂಗಲೆಯಲ್ಲಿ ಮೊದಲ ಬೆಳಿಗ್ಗೆ ಎದ್ದು ಕೆಲಸದವಳನ್ನು ಕೇಳೋದೇನು? ನನಗೆ ಬಟ್ಟೆ ಹಾಕೋರು ಯಾರು ಅಂತ. ಓದುವವರಿಗೆ ಸೊಕ್ಕಿನ ಹುಡುಗಿ ಅನ್ನಿಸುತ್ತದೆ. ನನಗೆ ಆ ಪ್ರಶ್ನೆಯಲ್ಲೇ ಆಕೆಯ ಆಯಾ ಸತ್ತದ್ದು ಕೇಳುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಗೋವಿನ ಹಾಡನ್ನೇ ನೋಡಿ. ಸತ್ಯ, ಮಾತು ಉಳಿಸಿಕೊಳ್ಳೋದು, ಇದೆಲ್ಲ ಪುಣ್ಯಕೋಟಿಯ ಚಿಂತೆ. ಕರು ಕೇಳೋದು ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ ಅಂತ. ಗಂಟಲು ಕಟ್ಟೋದು ಅಲ್ಲೇ.

ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಒಂದು ಹಳೇ ಜಗಳವಿದೆ. ಗಣಿತದ ಸರ್ ಇವತ್ತೂ ತೆಗೆದರು. “ಮೇಡಂ, ಹುಡುಗರಿಗೆ ಸಾಯೋ ಕತಿ ಯಾಕ್ರೀ? ನಗೂ ಕತಿ ಹೇಳ್ರಲ್ಲ.” ನಾನು ಅವರಿಗೆ ಕ್ಯಾಥರಿನ್ ಪ್ಯಾಟರ್ಸನ್ ಬರೆದ ‘ಬ್ರಿಡ್ಜ್ ಟು ಟೆರಬಿಥಿಯಾ’ ಹೇಳಿದೆ. 1974ರಲ್ಲಿ ಲೇಖಕಿಯ ಮಗನ ಎಂಟು ವರ್ಷದ ಗೆಳತಿ ಸಿಡಿಲು ಬಡಿದು ತೀರಿಕೊಂಡಳು. ಮಗನಿಗೆ ಸಮಾಧಾನ ಹೇಳಲು ಹೋಗಿ ಹುಟ್ಟಿದ ಪುಸ್ತಕ, 1977ರಲ್ಲಿ ಬಂತು. ಅದರಲ್ಲಿ ಜೆಸ್ ಅನ್ನೋ ಹುಡುಗನ ಗೆಳತಿ ಹಳ್ಳದಲ್ಲಿ ಬಿದ್ದು ಸಾಯುತ್ತಾಳೆ. ಮರುದಿನ ಅವನು ದೋಸೆಯಂಥ ಪ್ಯಾನ್‌ಕೇಕ್ ಗಬಗಬ ತಿನ್ನುತ್ತಾನೆ. ಅಕ್ಕ ಬೈಯುತ್ತಾಳೆ. ಅವನಿಗೆ ಹಸಿವೆಯಾಗಿದೆ, ಅಷ್ಟೇ. ಮನೆಯಲ್ಲಿ ಸಾವಾದ ಮೇಲೆ ಹೀಗೆ ಊಟ ಮಾಡಿ, ಆಮೇಲೆ ತನ್ನ ಮೇಲೇ ಅಸಹ್ಯಪಟ್ಟುಕೊಂಡ ಮಕ್ಕಳು ನಮ್ಮ ಶಾಲೆಯಲ್ಲೂ ಇದ್ದಾರೆ. ಅವರಿಗೆ ನಗುವ ಕತೆ ಸಾಕಾ? ಸರ್ ಒಪ್ಪಲಿಲ್ಲ. ಪುಸ್ತಕ ಮಾತ್ರ ಮನೆಗೆ ಒಯ್ದಿದ್ದಾರೆ.

ಸಾವಿನ ಮಾತು ಬಿಡಿ. ಅಪ್ಪ ಅವ್ವ ಗೋವಾಕ್ಕೆ ದುಡಿಯಲು ಹೋಗಿ, ಅಜ್ಜನ ಮನೆಯಲ್ಲಿ ಇರುವ ಮಕ್ಕಳು ನಮ್ಮ ಕಡೆ ಏನು ಕಡಿಮೆಯೇ? ಅವರಿಗೆ ಹೈಡಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಒಬ್ಬನಿಗಂತೂ ಅವಳ ಅಜ್ಜ ಶಾಲೆಗೇ ಕಳಿಸಲಿಲ್ಲ ಅನ್ನೋದು ಭಾರೀ ಹಿಡಿಸಿಬಿಟ್ಟಿದೆ. ಹೈಡಿಯನ್ನು ಸಣ್ಣ ಮಾಡಿ ಹೇಳುವ ಪುಸ್ತಕಗಳ ಮೇಲೆ ನನಗೆ ಸಿಟ್ಟು ಇರೋದು ಇದಕ್ಕೇ. ಅಪ್ಪ ಅವ್ವ ಸತ್ತರು, ಅಜ್ಜನ ಮನೆಗೆ ಹೋದಳು, ಪಟ್ಟಣಕ್ಕೆ ಹೋದಳು, ತಿರುಗಿ ಬಂದಳು, ಗಾಲಿ ಕುರ್ಚಿಯಲ್ಲಿದ್ದ ಸಾಹುಕಾರರ ಮಗಳು ಕ್ಲಾರಾ ಎದ್ದು ನಡೆದಳು, ಮುಗೀತು. ಬ್ರೆಡ್ಡೂ ಇಲ್ಲ, ಬಟ್ಟೆಯೂ ಇಲ್ಲ. ಕ್ಲಾರಾ ನಡೆಯೋದು ಮೂಲದಲ್ಲೇ ನನಗೆ ಅಷ್ಟಾಗಿ ಸೇರೋದಿಲ್ಲ. ಬೆಟ್ಟದ ಗಾಳಿ, ಮೇಕೆ ಹಾಲು, ಎಲ್ಲ ಸರಿಹೋಯಿತು ಅನ್ನೋದು ಸ್ವಲ್ಪ ಜಾಸ್ತಿಯಾಯಿತು.

ಇಷ್ಟೆಲ್ಲ ನನಗೆ ಯಾಕೆ ತಟ್ಟುತ್ತದೆ ಅಂದರೆ ನಾನೂ ಮುಳುಗಡೆಯ ಹುಡುಗಿ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳಿಗೆ ಬರೋ ಹೊತ್ತಿಗೆ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಮನೆಯಲ್ಲಿ ಎದ್ದರೆ ಕೂತರೆ ಪರಿಹಾರ, ಹಕ್ಕುಪತ್ರ, ಸೈಟು. ಅಪ್ಪ ಬಾಗಿಲು, ಚೌಕಟ್ಟು, ತೊಲೆ ಬಿಚ್ಚಿಸಿ ಒಂದೊಂದಕ್ಕೂ ಸುಣ್ಣದಲ್ಲಿ ನಂಬರ್ ಹಾಕಿಸಿದ್ದರು. ನನಗೆ ಇದ್ದದ್ದು ಒಂದೇ ಚಿಂತೆ, ಹೋಳಿ. ನಮ್ಮೂರಲ್ಲಿ ಹೋಳಿ ಅಂದರೆ ಪೇಟೆ ಪೇಟೆಗಳ ಜಿದ್ದು. ಬಂಡಿ ತುಂಬ ಬಣ್ಣದ ಬ್ಯಾರಲ್, ಕಿವಿ ಗಡಚಿಕ್ಕುವ ಹಲಗಿ. ನಮ್ಮ ಕಿಲ್ಲಾ ಪೇಟೆಯ ಬಂಡಿ ಬಂತು ಅಂದರೆ ಮಾಳಿಗೆ ಮೇಲೆ ನಿಂತು ಕೂಗಬೇಕು. ಹೊಸ ಊರಲ್ಲಿ ಪೇಟೆಯೇ ಇಲ್ಲ, ಬರೀ ಸೆಕ್ಟರ್ ನಂಬರು.

“ಅಪ್ಪಾ, ಸೆಕ್ಟರ್‌ದವರು ಯಾವ ಪೇಟಿ ಕಡೆ ಬಣ್ಣ ಆಡ್ತಾರ?”

“ನೋಡೂನು, ಸುಮ್ಮಿರು,” ಅಂದರು. ತೊಲೆ ಎಣಿಸುತ್ತಿದ್ದರು, ಪಾಪ. ಹೊಸ ಮನೆಗೆ ಬಂದ ಮೇಲೂ ಹೋಳಿಗೆ ನಾವು ಹಳೇ ಊರಿಗೇ ಇಳಿದು ಹೋಗುತ್ತಿದ್ದೆವು. ಅಲ್ಲಿ ಸಂಬಂಧಿಕರ ಮಾಳಿಗೆ ಇತ್ತು.

ಮಲೆನಾಡಿನ ಮುಳುಗಡೆಗೆ ನಾ. ಡಿಸೋಜ ಇದ್ದರು. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಶರಾವತಿಯ ನೀರು ಏರೋದನ್ನು ಹತ್ತಿರದಿಂದ ಕಂಡವರು. ದೊಡ್ಡವರಿಗೆ ‘ಮುಳುಗಡೆ’, ‘ದ್ವೀಪ’ ಬರೆದು ಸುಮ್ಮನಾಗಲಿಲ್ಲ, ಮಕ್ಕಳಿಗೂ ಅಂತ ‘ಮುಳುಗಡೆಯ ಊರಿಗೆ ಬಂದವರು’ ಬರೆದರು. 2011ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ನಮ್ಮ ಶಾಲೆಯ ಕಪಾಟಿನಲ್ಲಿ ಕೃಷ್ಣೆಯ ಮುಳುಗಡೆಯ ಮೇಲೆ ಒಂದೇ ಒಂದು ಮಕ್ಕಳ ಕಾದಂಬರಿ ಇಲ್ಲ. ಶಾಲೆ ನಿಂತಿರೋದೇ ಮುಳುಗಡೆಯವರಿಗೆ ಅಂತ ಕಟ್ಟಿದ ಊರಲ್ಲಿ!

ಇದು ಹಳೇ ಕತೆಯೂ ಅಲ್ಲ. ಈಗ ಅಣೆಕಟ್ಟಿನಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲುತ್ತದೆ. ಅದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರಲ್ಲೇ ಒಪ್ಪಿದೆ, ಇನ್ನೂ ಎಷ್ಟೋ ಹಳ್ಳಿಗಳು ಕಾಯುತ್ತಿವೆ. ಅಂಥ ಒಂದು ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ ಮೊನ್ನೆ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ನಿಂತಿದ್ದಳು. ಮನೆಯಲ್ಲಿ ಎಕರೆಗೆ ಎಷ್ಟು ಅನ್ನೋ ಮಾತು ಬಿಟ್ಟರೆ ಬೇರೆ ಮಾತಿಲ್ಲವಂತೆ. ಬಸ್ಸು ಬಂದಾಗ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ಕೇಳಿದಳು:

“ಅಕ್ಕೋರ, ಹೊಸಾ ಊರಿನ್ಯಾಗ ನಮ್ಮ ಕಾಕಾನ ಮನಿ ನಮ್ಮ ಬಾಜೂನ ಇರ್ತೈತೇನ್ರಿ?”

ಪುನರ್ವಸತಿ ಕಚೇರಿಯಲ್ಲಿ ನಕ್ಷೆ ಇದ್ದರೂ ಇರಬಹುದು. ಸೋಮವಾರ ಶಾಲೆ ಬಿಟ್ಟ ಮೇಲೆ ಹೋಗಿ ಕೇಳಬೇಕು. ಗಣಪತಿ ಹಬ್ಬದ ಸೂಟಿ ಬಂದರೆ ಮತ್ತೆ ಕೆಲಸ ನಿಂತುಹೋಗುತ್ತದೆ.