ಮಾರ್ಕನಿಂದ ಯೆರೆಮೀಯನ ತನಕ: ಸತ್ಯವೇದ ಓದಿನ ಐದು ತಿಂಗಳು

ಜೂನ್, ಮೊದಲ ವಾರ

ಮಳೆ ಹಿಡಿದಿದೆ. ಅಂಗಡಿಯಲ್ಲಿ ಗಿರಾಕಿ ಕಡಿಮೆ. ಅಜ್ಜಿಯ ಸತ್ಯವೇದವನ್ನು, ಅಂದರೆ ಬೈಬಲನ್ನು, ಮನೆಯಿಂದ ತಂದು ಕಂಪ್ಯೂಟರ್ ಪಕ್ಕ ಇಟ್ಟಿದ್ದೇನೆ. ಈ ಸಲ ಓದಿದ್ದನ್ನು ಬರೆದಿಡುತ್ತಾ ಹೋಗಬೇಕು ಅಂತ ತೀರ್ಮಾನ ಮಾಡಿದ್ದೇನೆ.

ನನ್ನದು ಉಡುಪಿಯಲ್ಲಿ ಕೋರ್ಟಿನ ಹತ್ತಿರ ಸಣ್ಣ ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ. ದಿನವಿಡೀ ಕನ್ನಡ ಟೈಪ್ ಮಾಡುವುದೇ ಕೆಲಸ. ಬಾಡಿಗೆ ಕರಾರು, ಅಫಿಡವಿಟ್, ಮದುವೆ ಕಾಗದ, ಮಳೆಗಾಲ ಬಂದರೆ ತಾಳಮದ್ದಳೆಯ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ) ಕರಪತ್ರ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ನಮ್ಮ ಕಡೆ ಹೀಗೇ ನಡೆದು ಬಂದಿದೆ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಮಂಗಳೂರಿನಲ್ಲಿ ಅಚ್ಚಾಗಿತ್ತು. ಆದರೂ ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಕೂತಾಗ ತೆರೆದದ್ದು ಯಾವಾಗಲೂ ಕನ್ನಡ ಪುಸ್ತಕವನ್ನೇ.

ಸಂಡೇ ಸ್ಕೂಲಿನ ಕಥೆಗಳು ಚೆನ್ನಾಗಿ ನೆನಪಿವೆ. ನೋಹನ ನಾವೆ, ದಾವೀದ ಮತ್ತು ಗೊಲ್ಯಾತ, ಸಿಂಹದ ಗವಿಯಲ್ಲಿ ದಾನಿಯೇಲ. ಆದರೆ ಅವೆಲ್ಲ ಬಿಡಿಬಿಡಿ ಕಥೆಗಳು. ಯಾವುದರ ಮುಂದೆ ಯಾವುದು, ಯಾಕೆ, ಒಂದೂ ಗೊತ್ತಿರಲಿಲ್ಲ. ಹಿಂದೆ ಮೂರು ಸಲ ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಿದ್ದೆ. ಆದಿಕಾಂಡ ಸರಸರ ಓಡುತ್ತದೆ. ವಿಮೋಚನಕಾಂಡವೂ ಅರ್ಧದ ತನಕ ಪರವಾಗಿಲ್ಲ. ಆಮೇಲೆ ದೇವದರ್ಶನದ ಗುಡಾರದ ಅಳತೆ, ಪರದೆಯ ಬಣ್ಣ, ಯಾಜಕಕಾಂಡಕ್ಕೆ ಬಂದರೆ ಬಲಿಯ ನಿಯಮ. ಮೂರು ಸಲವೂ ಅಲ್ಲೇ ನಿಂತೆ.

ಕಳೆದ ಭಾನುವಾರ ಇದನ್ನು ಸಭಾಪಾಲಕರ ಹತ್ತಿರ ಹೇಳಿದೆ. "ಮೊದಲ ಪುಟದಿಂದಲೇ ಶುರು ಮಾಡಬೇಕು ಅಂತ ಏನೂ ಇಲ್ಲ. ಹಳೆ ಒಡಂಬಡಿಕೆಯಲ್ಲಿ 39, ಹೊಸದರಲ್ಲಿ 27, ಒಟ್ಟು 66 ಪುಸ್ತಕ ಇವೆ ಅದರಲ್ಲಿ. ಮಾರ್ಕನನ್ನು ತೆಗೆದುಕೊಳ್ಳಿ. 16 ಅಧ್ಯಾಯ ಅಷ್ಟೆ" ಅಂದರು. ಒಂದು ಮಾತು ಜಾಸ್ತಿ ಹೇಳಿದರು. "ಬಾಯಿಬಿಟ್ಟು ಓದಿ."

ಜೂನ್, ಮೂರನೇ ವಾರ

ಶನಿವಾರ ಬೇಗ ಶಟರ್ ಎಳೆದು ಒಳಗೆ ಕೂತು, ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯನ್ನು ಒಂದೇ ಪಟ್ಟಿಗೆ ಗಟ್ಟಿಯಾಗಿ ಓದಿದೆ. ಸುಮಾರು ಒಂದೂವರೆ ಗಂಟೆ ಹಿಡಿಯಿತು. ಇಷ್ಟು ವರ್ಷ ನಾಲ್ಕು ವಚನ, ಆರು ವಚನ ಅಂತ ಕೇಳಿದವನಿಗೆ ಇದು ಬೇರೆಯೇ ಪುಸ್ತಕ ಅನ್ನಿಸಿತು. ಇದರಲ್ಲಿ ಹುಟ್ಟಿದ ಕಥೆ ಇಲ್ಲ, ಬೇತ್ಲೆಹೇಮ್ ಇಲ್ಲ, ಕುರುಬರಿಲ್ಲ. ಯೋಹಾನ ಬರುತ್ತಾನೆ, ಯೇಸು ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತಾನೆ, ಕೆಲಸ ಶುರು. ಮಾತು ಮಾತಿಗೆ "ಕೂಡಲೆ", "ತಕ್ಷಣ". ಓದುವವನಿಗೆ ಉಸಿರಾಡಲು ಬಿಡುವುದಿಲ್ಲ.

ಐದನೇ ಅಧ್ಯಾಯದಲ್ಲಿ ನಿಂತುಬಿಟ್ಟೆ. ಯಾಯೀರ ಅನ್ನುವ ಸಭಾಮಂದಿರದ ಅಧಿಕಾರಿ ಬಂದು, ಮಗಳು ಸಾಯುವ ಹಾಗಿದ್ದಾಳೆ ಬನ್ನಿ ಅಂತ ಕಾಲಿಗೆ ಬೀಳುತ್ತಾನೆ. ಯೇಸು ಹೊರಡುತ್ತಾನೆ. ದಾರಿಯಲ್ಲಿ 12 ವರ್ಷದಿಂದ ರಕ್ತ ಹೋಗುತ್ತಿದ್ದ ಹೆಂಗಸೊಬ್ಬಳು ಗುಂಪಿನ ನಡುವೆ ಬಂದು ಅವನ ಉಡುಪನ್ನು ಮುಟ್ಟುತ್ತಾಳೆ. ಯೇಸು ನಿಂತು "ಯಾರು ಮುಟ್ಟಿದರು" ಅಂತ ಕೇಳುತ್ತಾನೆ. ಈ ಎರಡು ಕಥೆ ಎರಡು ಬೇರೆ ಭಾನುವಾರಗಳಲ್ಲಿ ಕೇಳಿದ್ದೆ. ಒಂದರ ಹೊಟ್ಟೆಯೊಳಗೆ ಇನ್ನೊಂದು ಇದೆ ಅಂತ ಈಗ ಗೊತ್ತಾಯಿತು. ಅಷ್ಟು ಹೊತ್ತು ಯಾಯೀರ ಪಕ್ಕದಲ್ಲೇ ನಿಂತಿದ್ದಾನೆ! ಮಗಳು ಮನೆಯಲ್ಲಿ ಸಾಯುತ್ತಿದ್ದಾಳೆ, ಇಲ್ಲಿ ತಡವಾಗುತ್ತಿದೆ. ಆ ಹುಡುಗಿಯ ವಯಸ್ಸೂ 12. ಇವಳು ಹುಟ್ಟಿದ ವರ್ಷ ಅವಳಿಗೆ ಕಾಯಿಲೆ ಶುರುವಾಗಿದೆ.

ಕೊನೆಗೆ ಮನೆಗೆ ಹೋಗಿ ಸತ್ತ ಹುಡುಗಿಯ ಕೈ ಹಿಡಿದು "ತಲಿಥಾ ಕೂಮ್" ಅನ್ನುತ್ತಾನೆ. ಅರಾಮಿಕ್ ಮಾತು ಅದು. ಹುಡುಗೀ ಏಳು ಅಂತ ಅರ್ಥ. ಮಾರ್ಕ ಬರೆದದ್ದು ಗ್ರೀಕಿನಲ್ಲಿ, ಆದರೆ ಈ ಎರಡು ಶಬ್ದವನ್ನು ಬಾಯಿಂದ ಬಂದ ಹಾಗೇ ಇಟ್ಟುಕೊಂಡಿದ್ದಾನೆ. ಅವಳು ಎದ್ದು ನಡೆದಾಡಿದ ಮೇಲೆ ಯೇಸು ಅವರಿಗೆ ಹೇಳುವುದು, ಇವಳಿಗೆ ತಿನ್ನಲು ಏನಾದರೂ ಕೊಡಿ ಅಂತ.

ಆ ಸಾಲಿನ ಪಕ್ಕ ಅಜ್ಜಿಯ ಪೆನ್ಸಿಲ್ ಗುರುತಿದೆ. ಸಣ್ಣ ಗೀಟು, ಅಕ್ಷರದ ಎತ್ತರದಷ್ಟೇ. ಮನೆಗೆ ಯಾರು ಬಂದರೂ ಅಜ್ಜಿ ಮೊದಲು ಕೇಳುತ್ತಿದ್ದದ್ದು "ಒಣಸ್ ಆಂಡಾ?" ಊಟ ಆಯಿತಾ ಅಂತ. ಪುಸ್ತಕದ ರಟ್ಟು ಎಂದೋ ಕಿತ್ತುಹೋಗಿ ಕ್ಯಾಲಿಕೋ ಬಟ್ಟೆ ಅಂಟಿಸಿದ್ದಾರೆ. ಮಾರ್ಕನ 11ನೇ ಅಧ್ಯಾಯದಲ್ಲಿ ಗರಿಗಳ ಭಾನುವಾರದ ಒಣಗಿದ ಗರಿ ಇದೆ, ಶಿಲುಬೆಯ ಹಾಗೆ ಮಡಚಿದ್ದು. ಯೇಸು ಕತ್ತೆಮರಿಯ ಮೇಲೆ ಯೆರೂಸಲೇಮಿಗೆ ಬರುವ ಪುಟ ಅದು. ಗರಿ ಇದ್ದ ಜಾಗದಲ್ಲಿ ಕಾಗದದ ಮೇಲೆ ಕಂದು ಬಣ್ಣದ ಅಚ್ಚು ಬಿದ್ದಿದೆ. ಅದನ್ನು ಅಲ್ಲೇ ಬಿಟ್ಟಿದ್ದೇನೆ.

ಜುಲೈ, ಆಟಿ (ತುಳುವರ ಮಳೆಗಾಲದ ತಿಂಗಳು) ಶುರುವಾದ ಮೇಲೆ

ಈ ತಿಂಗಳು ನನ್ನ ಓದಿಗೆ ದಾರಿ ತೋರಿಸಿದವರು ಒಬ್ಬರು ಮಾಷ್ಟ್ರು. ನಿವೃತ್ತರಾಗಿದ್ದಾರೆ, ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ, ಅಂದರೆ ಭಾಗವತರು ಹಾಡಿದ ಪದ್ಯಕ್ಕೆ ಪಾತ್ರವಾಗಿ ಮಾತಾಡುತ್ತಾರೆ. ಕರಪತ್ರದ ಪ್ರೂಫ್ ನೋಡಲು ಬಂದಿದ್ದರು. ಹೊರಗೆ ಜಡಿಮಳೆ. ಹೋಗಲಾಗದೆ ಕೂತವರು ಮೇಜಿನ ಮೇಲಿನ ಪುಸ್ತಕ ನೋಡಿ "ಯಾವ ಪ್ರಸಂಗ ನಡೀತಾ ಉಂಟು?" ಅಂತ ಕೇಳಿದರು.

ನಾನು ಮಾರ್ಕನ ಏಳನೇ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೆ. ತೂರ್ ಸೀಮೆಯ ಹೆಂಗಸೊಬ್ಬಳು, ಯೆಹೂದ್ಯಳಲ್ಲ, ತನ್ನ ಮಗಳಿಗೆ ಹಿಡಿದ ದೆವ್ವ ಬಿಡಿಸು ಅಂತ ಬೇಡುತ್ತಾಳೆ. ಯೇಸು ಕೊಡುವ ಉತ್ತರ ಕಠಿಣ. ಮೊದಲು ಮಕ್ಕಳಿಗೆ ಹೊಟ್ಟೆ ತುಂಬಲಿ, ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಅನ್ನುತ್ತಾನೆ. ಎರಡು ದಿನದಿಂದ ಈ ಮಾತು ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನ ಹಾಗಿತ್ತು. ಮಾಷ್ಟ್ರಿಗೆ ಬರೇ ಆ ಒಂದು ವಚನ ಓದಿ ತೋರಿಸಿದೆ.

"ಅಲ್ಲ ಮಾರಾಯ್ರೆ, ಒಂದೇ ಸಾಲು ಓದಿದರೆ ಹೇಗೆ? ಯಾರು ಹೇಳಿದ್ದು, ಯಾರಿಗೆ, ಯಾವ ಹೊತ್ತಿನಲ್ಲಿ? ಭಾಗವತರು ಪದ್ಯ ಹೇಳಿ ಬಿಡ್ತಾರೆ. ಅರ್ಥ ಹೇಳುವವನಿಗೆ ಈ ಮೂರು ಗೊತ್ತಿಲ್ಲದಿದ್ದರೆ ಬಾಯಿ ತೆರೆಯಲಿಕ್ಕಿಲ್ಲ. ಅವಳು ಏನು ಉತ್ತರ ಕೊಟ್ಟಳು, ಅದನ್ನು ಓದಿ."

ಓದಿದೆ. ಹೌದು ಸ್ವಾಮೀ, ಆದರೂ ಮಕ್ಕಳು ಬೀಳಿಸಿದ ಚೂರುಗಳನ್ನು ಮೇಜಿನ ಕೆಳಗಿರುವ ನಾಯಿಮರಿಗಳು ತಿನ್ನುತ್ತವಲ್ಲ, ಅನ್ನುತ್ತಾಳೆ ಅವಳು. ಮಾಷ್ಟ್ರು ತೊಡೆ ತಟ್ಟಿಕೊಂಡರು. "ಎಂಥ ಮಾತು! ಎದುರಿನವನ ಮಾತನ್ನೇ ಹಿಡಿದು ತಿರುಗಿಸಿದಳು ನೋಡಿ. ಇವಳ ಪಾತ್ರ ಸಿಕ್ಕಿದರೆ ನಾನು ಬಿಡುವವನಲ್ಲ." ಯೇಸು ಸೋಲುತ್ತಾನಾ ಅಂತ ಕೇಳಿದರು. ಮುಂದಿನ ಸಾಲು ಓದಿದೆ. ಈ ಮಾತು ಹೇಳಿದ್ದರಿಂದ ಹೋಗು, ನಿನ್ನ ಮಗಳನ್ನು ದೆವ್ವ ಬಿಟ್ಟಿದೆ ಅನ್ನುತ್ತಾನೆ. ಮಾಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಳೆ ಕಡಿಮೆಯಾಯಿತು, ಹೊರಟರು. ಬಾಗಿಲಲ್ಲಿ ನಿಂತು "ಇದರ ಹಿಂದಿನ ಪದ್ಯ ಯಾವುದು ನೋಡಿ" ಅಂದರು.

ಅವತ್ತು ರಾತ್ರಿ ಹಿಂದೆ ತಿರುಗಿಸಿದೆ. ಇದಕ್ಕೆ ಸ್ವಲ್ಪ ಮುಂಚೆ ಫರಿಸಾಯರ (ಯೆಹೂದ್ಯರಲ್ಲಿ ನಿಯಮ ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವರ) ಜೊತೆ ಮಡಿ-ಮೈಲಿಗೆಯ ವಾದ ನಡೆದಿದೆ. ಹೊರಗಿನಿಂದ ಒಳಗೆ ಹೋಗುವುದು ಯಾವುದೂ ಮನುಷ್ಯನನ್ನು ಹೊಲೆ ಮಾಡುವುದಿಲ್ಲ ಅಂತ ಯೇಸು ಹೇಳಿದ್ದಾನೆ. ಅದಾದ ಕೂಡಲೆ ಹೊರಗಿನವಳು ಒಳಗೆ ಬಂದಿದ್ದಾಳೆ. ಇನ್ನೂ ಹಿಂದೆ ಆರನೇ ಅಧ್ಯಾಯದಲ್ಲಿ ಐದು ರೊಟ್ಟಿ ಐದು ಸಾವಿರ ಗಂಡಸರಿಗೆ ಸಾಕಾಗಿ, ತುಂಡುಗಳೇ 12 ಪುಟ್ಟಿ ಉಳಿದಿದ್ದವು. ಇಷ್ಟು ಮಿಕ್ಕಿದ ಮೇಲೆ ಇವಳು ಕೇಳುತ್ತಿರುವುದು ಒಂದು ಚೂರು. ಮುಂದೆ ಎಂಟನೇ ಅಧ್ಯಾಯದಲ್ಲಿ ಮತ್ತೆ ನಾಲ್ಕು ಸಾವಿರ ಜನಕ್ಕೆ ಊಟ. ಮಾರ್ಕ ರೊಟ್ಟಿಯನ್ನು ಹಿಡಿದುಕೊಂಡೇ ನಡೆಯುತ್ತಿದ್ದಾನೆ! ಪೆನ್ಸಿಲ್ ತೆಗೆದು ರೊಟ್ಟಿ ಬಂದ ಕಡೆಯೆಲ್ಲ ಗುರುತು ಹಾಕಿದೆ. ಅಜ್ಜಿಯ ಪುಸ್ತಕದಲ್ಲಿ ನನ್ನ ಮೊದಲ ಗುರುತು.

ನಾಯಿ ಅನ್ನುವ ಮಾತು ಈಗಲೂ ನನಗೆ ಚುಚ್ಚುತ್ತದೆ. ಅದನ್ನು ಮೆತ್ತಗೆ ಮಾಡಿ ಓದಬಾರದು ಅಂತಲೇ ನನ್ನ ಅಭಿಪ್ರಾಯ. ಮಾತು ಗಟ್ಟಿ ಇದ್ದದ್ದಕ್ಕೇ ಅವಳ ಉತ್ತರ ಅಷ್ಟು ದೊಡ್ಡದು.

ಆಗಸ್ಟ್

ಮಾರ್ಕ ಎರಡನೇ ಸಲ ಮುಗಿಯಿತು. ಮಾಷ್ಟ್ರ ಮೂರು ಪ್ರಶ್ನೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ. ಯಾರು, ಯಾರಿಗೆ, ಯಾವಾಗ. ಧೈರ್ಯ ಬಂದು ಆದಿಕಾಂಡಕ್ಕೆ ವಾಪಸು ಹೋದೆ.

ಮೊನ್ನೆ ಒಂದು ಬಾಡಿಗೆ ಕರಾರು ಟೈಪ್ ಮಾಡುವಾಗ ಹೊಳೆಯಿತು. ಒಡಂಬಡಿಕೆ ಅಂದರೂ ಇದೇ ಅಲ್ವಾ? ಒಡಂಬಡುವುದು ಅಂದರೆ ಒಪ್ಪುವುದು. ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ ಅಂತ ಸಣ್ಣಂದಿನಿಂದ ಹೇಳುತ್ತಿದ್ದೇನೆ, ಪುಸ್ತಕದ ಎರಡು ಭಾಗದ ಹೆಸರು ಅಂತಷ್ಟೇ ತಿಳಿದಿದ್ದೆ. ಕರಾರು ಅಂದ ಮೇಲೆ ಎರಡು ಕಡೆಯವರು ಇರಬೇಕು, ಷರತ್ತು ಇರಬೇಕು, ಇಬ್ಬರೂ ಸಹಿ ಹಾಕಬೇಕು.

ಆ ಕಣ್ಣಲ್ಲಿ ಆದಿಕಾಂಡ 15 ಓದಿದೆ. ಯೆಹೂದ್ಯರ ಮೂಲಪುರುಷ ಅಬ್ರಾಮನಿಗೆ ದೇವರು ಸಂತಾನ, ನಾಡು ಕೊಡುತ್ತೇನೆ ಅನ್ನುತ್ತಾನೆ. ಅದು ನನಗೆ ಹೇಗೆ ಗೊತ್ತಾಗಬೇಕು ಅಂತ ಅಬ್ರಾಮ ಕೇಳುತ್ತಾನೆ. ಆಗ ಕಡಸು, ಆಡು, ಟಗರು ತರಿಸಿ ಎರಡು ಹೋಳು ಮಾಡಿ ಎದುರುಬದುರು ಇಡಿಸುತ್ತಾನೆ. ಆ ಕಾಲದಲ್ಲಿ ಒಪ್ಪಂದ ಮಾಡುವವರು ಹೋಳುಗಳ ನಡುವೆ ನಡೆದುಹೋಗುತ್ತಿದ್ದರು. ಮಾತಿಗೆ ತಪ್ಪಿದರೆ ನನ್ನ ಗತಿಯೂ ಹೀಗೇ ಆಗಲಿ ಅಂತ. ಯೆರೆಮೀಯ 34ರಲ್ಲೂ ಈ ಪದ್ಧತಿ ಬರುತ್ತದೆ. ಆದರೆ ಇಲ್ಲಿ ಹೊತ್ತು ಮುಳುಗುವಾಗ ಅಬ್ರಾಮನಿಗೆ ಗಾಢ ನಿದ್ದೆ. ಹೋಳುಗಳ ನಡುವೆ ಹಾದುಹೋಗುವುದು ಹೊಗೆಯಾಡುವ ಒಲೆ ಮತ್ತು ಉರಿಯುವ ದೀವಟಿಗೆ. ಅಬ್ರಾಮ ನಡೆಯುವುದೇ ಇಲ್ಲ.

ಇಷ್ಟು ವರ್ಷ ಎಷ್ಟೋ ಕರಾರು ಟೈಪ್ ಮಾಡಿದ್ದೇನೆ. ಒಂದೇ ಕಡೆಯವರು ಸಹಿ ಹಾಕಿದ, ಅದೂ ಕೊಡುವವರೇ ಸಹಿ ಹಾಕಿದ ಇಂಥ ಕರಾರು ಒಂದನ್ನೂ ನೋಡಿಲ್ಲ. ಅವತ್ತು ಕೆಲಸ ಮುಂದುವರಿಸಲು ಆಗಲಿಲ್ಲ. ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಆಗಸ್ಟ್ ಕೊನೆ

ಸಣ್ಣ ಟಿಪ್ಪಣಿ. ಧರ್ಮೋಪದೇಶಕಾಂಡ 11ರಲ್ಲಿ "ಮುಂಗಾರು ಹಿಂಗಾರು ಮಳೆ" ಅಂತ ಬರುತ್ತದೆ. ಓದಿದ ಕೂಡಲೆ ನನ್ನ ಮನಸ್ಸಿಗೆ ಬರುವುದು ಜೂನ್, ನೇಜಿ (ಭತ್ತದ ಸಸಿ), ಕಂಬಳಿಕೊಪ್ಪೆ. ಆದರೆ ಇಸ್ರಾಯೇಲರ ಆ ನಾಡಿನಲ್ಲಿ ಬೇಸಿಗೆಯಲ್ಲಿ ಮಳೆಯೇ ಇಲ್ಲ. ಮೊದಲ ಮಳೆ ಅಕ್ಟೋಬರ್-ನವೆಂಬರ್‌ನಲ್ಲಿ ಬಿತ್ತನೆಗೆ, ಕೊನೆಯ ಮಳೆ ಮಾರ್ಚ್-ಏಪ್ರಿಲ್‌ನಲ್ಲಿ ಕೊಯ್ಲಿಗೆ ಮುಂಚೆ. ಗೋಧಿ, ಜವೆಗೋಧಿಯ ನಾಡು ಅದು. ಶಬ್ದ ನಮ್ಮದು, ಮೋಡ ಅವರದು. ಇಂಥದ್ದು ಬಂದಾಗೆಲ್ಲ ನೋಟ್‌ಬುಕ್ಕಿನಲ್ಲಿ ಬೇರೆ ಪುಟದಲ್ಲಿ ಬರೆಯುತ್ತಿದ್ದೇನೆ.

ಸೆಪ್ಟೆಂಬರ್

8ನೇ ತಾರೀಕು ಮೊಂತಿ ಹಬ್ಬ, ಮರಿಯಮ್ಮನ ಹುಟ್ಟುಹಬ್ಬ. ಕಥೋಲಿಕ ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದೆ. ಹೊಸ ತೆನೆಯ ಅಕ್ಕಿ ಹಾಕಿದ ಪಾಯಸ, ಸಸ್ಯಾಹಾರದ ಊಟ. ಊಟ ಆದ ಮೇಲೆ ಅವರ ಬೈಬಲ್ ತೆರೆದು ನೋಡಿದೆ. ಅವರದರಲ್ಲಿ 73 ಪುಸ್ತಕ. ತೋಬಿತ, ಯೂದಿತಳು, ಮಕ್ಕಾಬಿಯರು ಇವೆಲ್ಲ ನಮ್ಮದರಲ್ಲಿ ಇಲ್ಲ. ಗೆಳೆಯ ನನ್ನ ಓದಿನ ವಿಷಯ ಕೇಳಿ ತಾನೂ ಮಾರ್ಕನಿಂದ ಶುರು ಮಾಡುತ್ತೇನೆ ಅಂದಿದ್ದಾನೆ.

ಆದಿಕಾಂಡದ 50 ಅಧ್ಯಾಯ ಮುಗಿಯಿತು. ರೂತಳ ಪುಸ್ತಕ ನಾಲ್ಕೇ ಅಧ್ಯಾಯ, ಒಂದೇ ರಾತ್ರಿಗೆ ಓದಿದೆ.

ಅಕ್ಟೋಬರ್

ಕ್ಯಾಲೆಂಡರ್ ಕೆಲಸ ಶುರುವಾಗಿದೆ. ಪ್ರತಿ ವರ್ಷದ ಹಾಗೆ ಈ ಸಲವೂ ಮೊದಲ ಆರ್ಡರಿನಲ್ಲೇ ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆಗಳು ಹಿತದ ಆಲೋಚನೆಗಳೇ, ನಿಮಗೆ ಗತಿಯನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಅನ್ನುವ ವಚನ. ಹಿಂದೆ ಗುಲಾಬಿ ಹೂವು ಅಥವಾ ಸೂರ್ಯೋದಯ. ಇದನ್ನು ನಾನು ಕಣ್ಣು ಮುಚ್ಚಿ ಟೈಪ್ ಮಾಡಬಲ್ಲೆ.

ಈ ಸಲ ಕೈ ನಿಂತಿತು. ಯಾರು, ಯಾರಿಗೆ, ಯಾವಾಗ?

ಪುಸ್ತಕ ತೆರೆದೆ. ಅದು ಒಂದು ಕಾಗದ. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ರಾಜನನ್ನೂ ಕುಶಲಕರ್ಮಿಗಳನ್ನೂ ಸೆರೆ ಒಯ್ದಿದ್ದಾನೆ. ಪ್ರವಾದಿ ಯೆರೆಮೀಯ ಊರಲ್ಲೇ ಉಳಿದಿದ್ದಾನೆ. ಬಾಬೆಲಿಗೆ ಹೋಗುವ ಇಬ್ಬರ ಕೈಯಲ್ಲಿ, ಸೆರೆಹೋದವರಿಗೆ ಈ ಕಾಗದ ಕೊಟ್ಟು ಕಳಿಸುತ್ತಾನೆ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲರೂ ವಾಪಸು ಬರುತ್ತಾರೆ ಅಂತ ದೇವಾಲಯದಲ್ಲಿ ನಿಂತು ಹೇಳಿದ್ದಾನೆ. ಕೇಳಲು ಎಷ್ಟು ಹಿತ! ಯೆರೆಮೀಯ ಬರೆಯುವುದು 70 ವರ್ಷ ಅಂತ. ಅಂದರೆ ಕಾಗದ ಓದುತ್ತಿರುವ ಹೆಚ್ಚಿನವರು ಊರು ನೋಡದೆ ಅಲ್ಲೇ ಸಾಯುತ್ತಾರೆ. ಹನ್ನೊಂದನೇ ವಚನ ಬರುವುದು ಆ 70ರ ಮಾತು ಮುಗಿದ ಕೂಡಲೆ.

ಅದಕ್ಕೂ ಮೊದಲು ಅವನು ಹೇಳುವುದೇನು? ಮನೆ ಕಟ್ಟಿಕೊಳ್ಳಿ. ತೋಟ ಮಾಡಿ ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿಸಿ. ನಿಮ್ಮನ್ನು ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮವೇ ನಿಮ್ಮ ಕ್ಷೇಮ.

ಬಹರೈನ್‌ನಲ್ಲಿರುವ ಅಣ್ಣನಿಗೆ ರಾತ್ರಿ ಫೋನು ಮಾಡಿ ನಾಲ್ಕರಿಂದ ಹದಿನಾಲ್ಕನೇ ವಚನದ ತನಕ ಗಟ್ಟಿಯಾಗಿ ಓದಿದೆ. ಅವನು ಹೋಗಿ 19 ವರ್ಷವಾಯಿತು. ಎರಡು ವರ್ಷ ಅಂತ ಹೋದವನು. ಓದಿ ಮುಗಿದ ಮೇಲೂ ಮಾತಾಡಲಿಲ್ಲ. ಆಮೇಲೆ "ತೋಟದ್ದು ಇನ್ನೊಮ್ಮೆ ಓದು" ಅಂದ. ರೂಮಿನ ಬಾಲ್ಕನಿಯಲ್ಲಿ ಡಬ್ಬಿಯಲ್ಲಿ ಬಸಳೆ ಹಬ್ಬಿಸಿದ್ದಾನಂತೆ. ಇಷ್ಟು ದಿನ ನನಗೆ ಹೇಳಿರಲಿಲ್ಲ.

ಕ್ಯಾಲೆಂಡರ್ ಆರ್ಡರ್ ಕೊಟ್ಟವರಿಗೆ ಮರುದಿನ ವಿಷಯ ಹೇಳಿದೆ. ವಚನ ಅದೇ ಇರಲಿ ಅಂದರು. ಕೆಳಗೆ ಸಣ್ಣ ಅಕ್ಷರದಲ್ಲಿ "29:4ರಿಂದ 14ರ ತನಕ ಓದಿ" ಅಂತ ಒಂದು ಸಾಲು ಸೇರಿಸಲು ಒಪ್ಪಿದ್ದಾರೆ. ಗುಲಾಬಿ ತೆಗೆದು ಬಸಳೆ ಚಪ್ಪರದ ಫೋಟೋ ಹಾಕಿ ಪ್ರೂಫ್ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ನಾಳೆ ಬೆಳಿಗ್ಗೆಯಿಂದ ಯೆರೆಮೀಯ, ಮೊದಲ ಅಧ್ಯಾಯ. ಒಟ್ಟು 52 ಇವೆ.