ಕಲ್ಲುಹೂವು ನೋಡಲು: ಮೊದಲು ಲಕ್ನೋ, ಆಮೇಲೆ ಮುನ್ಸಿಯಾರಿ

ಬಿಸಿಬೇಳೆಬಾತ್ ಪುಡಿಗೆ ಹಾಕುವ ಕಲ್ಲುಹೂವು ಬೆಳೆಯುವ ಜಾಗ ನೋಡೋಣ ಅಂತ ಉತ್ತರಾಖಂಡಕ್ಕೆ ಹೊರಟಿದ್ದೀರಾ? ಹಾಗಾದರೆ ನೇರವಾಗಿ ಅಲ್ಲಿನ ಬೆಟ್ಟದೂರು ಮುನ್ಸಿಯಾರಿಗೆ ಹತ್ತಬೇಡಿ. ಲಕ್ನೋದಲ್ಲಿ ಇಳಿದು, ಒಣಗಿಸಿದ ಮಾದರಿಗಳನ್ನು ಕಾಪಿಡುವ ಹರ್ಬೇರಿಯಂ ನೋಡಿಕೊಂಡು ಹೋಗಿ. ಹಾಗೆ ಮಾಡಿದ್ದಕ್ಕೇ ಕಾಡಿನಲ್ಲಿ ನನ್ನ ಕಣ್ಣೆದುರು ಇರೋದು ಏನು ಅಂತ ನನಗೆ ಗೊತ್ತಾಯಿತು.

ಸಿಕಂದರ್ ಬಾಗ್‌ ಹತ್ತಿರವೇ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ ಇದೆ. ಕಲ್ಲುಹೂವು ಒಂದು ಲೈಕನ್, ಅಂದರೆ ಶಿಲೀಂಧ್ರವೂ ಪಾಚಿಯೂ ಒಂದಾಗಿ ಬದುಕುವ ಜೀವಿ. ಭಾರತದ ಲೈಕನ್ ಅಧ್ಯಯನಕ್ಕೆ ಬುನಾದಿ ಹಾಕಿದ ಡಿ. ಡಿ. ಅವಸ್ಥಿ ಅವರ ಸಂಗ್ರಹವೂ ಇಲ್ಲಿನ ಹರ್ಬೇರಿಯಂನಲ್ಲೇ ಇದೆ. ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ. ಯಾವ ಪ್ರಭೇದ, ಯಾವ ಪ್ರದೇಶ, ಯಾಕೆ ನೋಡಬೇಕು ಅಂತ ಮೊದಲೇ ಇಮೇಲ್ ಮಾಡಿ ಅನುಮತಿ ತಗೊಳ್ಳಿ. ಕೆಲಸದ ದಿನವೇ ಹೋಗಿ, ಗುರುತಿನ ಚೀಟಿ ಜೊತೆಗಿರಲಿ.

ಲೈಕನ್‌ಗಳನ್ನು ಕಾಗದದ ಪೊಟ್ಟಣಗಳಲ್ಲಿ ಇಟ್ಟಿರುತ್ತಾರೆ. ಪೊಟ್ಟಣದ ಮೇಲಿನ ಚೀಟಿಯೇ ನಿಮ್ಮ ನಕ್ಷೆ. ಊರು, ಎತ್ತರ, ತೊಗಟೆ ಮೇಲಿತ್ತೋ ಬಂಡೆ ಮೇಲಿತ್ತೋ, ತಾರೀಖು, ಸಂಗ್ರಹಿಸಿದವರು, ಎಲ್ಲ ಬರೆದುಕೊಳ್ಳಿ. ಕಲ್ಲುಹೂವಿನ ಈಗಿನ ವೈಜ್ಞಾನಿಕ ಹೆಸರು ಪಾರ್ಮೋಟ್ರೀಮಾ ಪರ್ಲಾಟಮ್, ಅದೇ ಹಳೆಯ ಚೀಟಿಗಳಲ್ಲಿ ಪಾರ್ಮೀಲಿಯಾ ಪರ್ಲಾಟಾ ಅಂತ ಇರಬಹುದು. ಎರಡೂ ಹೆಸರಿನಲ್ಲಿ ಕೇಳಿ.

ಅಲ್ಲಿ ಕಲಿಯಲೇಬೇಕಾದ ಒಂದು ಪರೀಕ್ಷೆ ಇದೆ. ಮೇಲಿನ ಬೂದು ಪದರ ಕೆರೆದರೆ ಒಳಗೆ ಬಿಳಿ ಪದರ ಕಾಣುತ್ತದೆ. ಅದರ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ತೊಟ್ಟು ಬಿಡಬೇಕು. ಪರ್ಲಾಟಮ್ ಆದರೆ ಹಳದಿಯಾಗುತ್ತದೆ. ಅದನ್ನೇ ಹೋಲುವ ರೆಟಿಕ್ಯುಲೇಟಮ್ ಆದರೆ ಮೊದಲು ಹಳದಿ, ನೋಡುತ್ತಿದ್ದಂತೆ ಕೆಂಪು! ಬರಿಗಣ್ಣಿಗೆ ಇವೆರಡೂ ಒಂದೇ ಥರ. ಅಂಗಡಿಯ ಕಲ್ಲುಹೂವಿನಲ್ಲೂ ಹಲವು ಜಾತಿ ಬೆರೆತಿರುತ್ತವೆ. ಆದರೆ ಈ ಪರೀಕ್ಷೆಯಲ್ಲಿ ಮಾದರಿ ಸ್ವಲ್ಪ ಹಾಳಾಗುತ್ತದೆ. ಅಲ್ಲಿಯವರು ಮಾಡಿ ತೋರಿಸಿದರೆ ನೋಡಿ, ನೀವಾಗಿಯೇ ಪೊಟ್ಟಣಕ್ಕೆ ಕೈ ಹಾಕಬೇಡಿ.

ಲಕ್ನೋದಿಂದ ಕಾಠಗೋದಾಮ್‌ಗೆ ರೈಲಿದೆ. ಒಂದು ನಿಲ್ದಾಣ ಮೊದಲೇ, ಹಲ್ದ್ವಾನಿಯಲ್ಲಿ ಇಳಿದರೆ ಮುನ್ಸಿಯಾರಿಗೆ ಶೇರ್ ಜೀಪ್ ಸಿಗುತ್ತದೆ, ಬೆಳಗಿನ ಜಾವವೇ ಹೊರಡುತ್ತವೆ. ಇಡೀ ದಿನದ ಘಟ್ಟದ ದಾರಿ, ವಾಂತಿ ಮಾತ್ರೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು ಮಾಮೂಲು. ಅಕ್ಟೋಬರ್, ನವೆಂಬರ್ ಒಳ್ಳೆಯದು.

ಮುನ್ಸಿಯಾರಿಗೆ ಸ್ವಲ್ಪ ಮೊದಲು ಕಾಲಾಮುನಿ ಸಿಗುತ್ತದೆ, ಸುಮಾರು 2,700 ಮೀಟರ್ ಎತ್ತರ. ಜೀಪಿನವರು ದೇವಸ್ಥಾನದ ಹತ್ತಿರ ನಿಲ್ಲಿಸಿದರೆ ಇಳಿದು ಓಕ್ ಮರಗಳ ತೊಗಟೆ ನೋಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಸಾಕು. ಎಲೆಯಂಥ ಭಾಗದ ಅಂಚು ಮಡಚಿ, ಅದರ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಕಾಣುತ್ತದೆ. ಆ ಪುಡಿ ಗಾಳಿಗೆ ಹಾರಿ ಬೇರೆ ಕಡೆ ಹೊಸದಾಗಿ ಬೆಳೆಯುತ್ತದೆ. ಸ್ವಲ್ಪ ನೀರು ಚಿಮುಕಿಸಿ, ಬೂದು ಬಣ್ಣ ಹೋಗಿ ಹಸಿರು ಮೂಡುತ್ತದೆ. ಒಳಗಿರುವ ಪಾಚಿಯ ಹಸಿರು ಅದು. ಚೀಟಿಯಲ್ಲಿ ಬರೀ ಅಕ್ಷರವಾಗಿದ್ದ "ಓಕ್ ತೊಗಟೆ" ಅಲ್ಲಿ ಕೈಗೆ ತಾಕಿದಾಗ ಆದ ಖುಷಿ ದೊಡ್ಡದು.

ಮುನ್ಸಿಯಾರಿಯಲ್ಲಿ ಅರಣ್ಯ ಇಲಾಖೆ 2020ರಲ್ಲಿ ತೆರೆದ ಲೈಕನ್ ಉದ್ಯಾನವಿದೆ, ದೇಶದಲ್ಲೇ ಮೊದಲನೆಯದು. ಬೆಳಿಗ್ಗೆಯೇ ಹೋಗಿ, ಆಗ ಪಂಚಚೂಲಿಯ ಹಿಮಶಿಖರಗಳೂ ಮೋಡವಿಲ್ಲದೆ ಕಾಣುವ ಸಾಧ್ಯತೆ ಜಾಸ್ತಿ.

ಒಂದು ಚೂರನ್ನೂ ಕಿತ್ತು ತರಬೇಡಿ. ಇವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ, ಅನುಮತಿ ಇಲ್ಲದೆ ಸಂಗ್ರಹಿಸುವಂತೆಯೂ ಇಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಮರ, ಎತ್ತರ, ತಾರೀಖು ಅಲ್ಲೇ ಬರೆದುಕೊಳ್ಳಿ. ವಾಪಸ್ ಜೀಪಿಗೆ ಹಿಂದಿನ ಸಂಜೆಯೇ ಸೀಟು ಹೇಳಿಡಿ.